ಚಾರ್ಟಿನ ಕೆಂಪು ಪಟ್ಟಿ

ಗೋಡೆಯ ಚಾರ್ಟು ತೆಗೆದಿಡಲು ಮರೆತಿದ್ದೆ.
'ಬೇಡ' ಎಂಬ ಕೆಂಪು ಪಟ್ಟಿಯಲ್ಲಿ
ಮೊದಲನೆಯದೇ: ಬೇಕರಿ ತಿಂಡಿ.

ಭದ್ರಾವತಿಯ ಹಳೇ ಸೇತುವೆ ದಾಟಿ
ಅಬ್ಬಾಸ್ ಮಾಮ ಬಂದಾಗ ಶನಿವಾರ ಏಳೂವರೆ,
ಸ್ಕೂಟರಿನ ಮುಂದೆ ಮುಚ್ಚಿದ ಬಕೆಟ್ಟು.
ಚಾರ್ಟನ್ನು ಬೆರಳಿಟ್ಟು ಓದಿ
'ಸರಿಯಾಗೇ ಬರ್ದಿದಾರೆ ಟೀಚರ್' ಅಂದರು,
ನನ್ನ ಮುಖ ನೋಡದೆ.

ಅವರಪ್ಪ ಇದೇ ಊರಲ್ಲಿ ಕಬ್ಬಿಣ ಕರಗಿಸಿದವರು;
ಇವರದು ಬನ್ನಿನ ಬೆಂಕಿ.

ಮೇಜಿನ ಮೇಲೆ ಎರಡು ಉಂಡೆ.
ಗೋಧಿಯದು ಎಳೆದಷ್ಟೂ ಬಂತು, ಜಡೆಯಿಂದ ಬಿಚ್ಚಿದ ರಿಬ್ಬನ್ನಿನಂತೆ.
ರಾಗಿಯದು ಮುರಿದು ಬಿತ್ತು.
'ಯಾಕ್ ಮಾಮ?' ಜೋಸ್ಲಿನ್ ಕೇಳಿದಳು.
'ಅದಕ್ಕೆ ಕಸುವು ಜಾಸ್ತಿ, ಅಂಟು ಇಲ್ಲ.
ಒಂದೇ ಉಬ್ಬಲ್ಲ ಮಗಾ.
ಗೋಧಿ ಕೈ ಹಿಡ್ಕಂಡ್ರೆ ಏಳುತ್ತೆ.'

ಎರಡೂ ಕಲಸಿದ ಹಿಟ್ಟು
ಒದ್ದೆ ಬಟ್ಟೆ ಹೊದ್ದು ಮಲಗಿತು.
ನಾನು ಭಿನ್ನರಾಶಿ ಬರೆದೆ.
ಒಬ್ಬರೂ ಬೋರ್ಡು ನೋಡಲಿಲ್ಲ;
ಬಟ್ಟೆ ಮೆಲ್ಲಗೆ ಹೊಟ್ಟೆ ಮುಂದೆ ಮಾಡುತ್ತಿತ್ತು,
ಬಾಳೆಹಣ್ಣಿನಂಥ, ಹುಳಿ ಹುಳಿ ವಾಸನೆ.

ಸ್ಕೂಟರಿನಲ್ಲೇ ಹೋಗಿ, ಬೆಂದು
ಶಾಲೆ ಬಿಡುವ ಹೊತ್ತಿಗೆ ವಾಪಸ್ಸು ಬಂತು ಬ್ರೆಡ್ಡು,
ಕಂದು, ಕೊಂಚ ಗಟ್ಟಿ, ತಳ ಸೀದದ್ದು.
'ಮಣ್ಣಿನ ರುಚಿ' ಎಂದ ತಿಪ್ಪೇಶ,
ಬರಿಹೊಟ್ಟೆಯಲ್ಲಿ ಶಾಲೆಗೆ ಬರುವವನು,
ಮೂರನೇ ಹೋಳಿಗೆ ಕೈ ಹಾಕುತ್ತ.
ಅಬ್ಬಾಸ್ ಮಾಮ ಅಂಗಿಯ ಹಿಟ್ಟು ಕೊಡವಿದರು:
'ಬನ್ನು ಮಾರದೇ ಇದ್ರೆ ಬಾಡಿಗೆ ಕಟ್ಟೋಕಾಗಲ್ಲ, ಟೀಚರ್.'
ನನಗೆ ಮಾತು ಹೊಳೆಯಲಿಲ್ಲ.

ಸೋಮವಾರ ಚಾರ್ಟಿನಲ್ಲಿ
ಬೇಕರಿ ತಿಂಡಿಯ ಪಕ್ಕಕ್ಕೆ ಪೆನ್ಸಿಲ್ಲಿನ ಸಣ್ಣಕ್ಷರ:
'ಅಬಾಸ್ ಮಾಮನ ರಾಗಿ ಬ್ರೆಡು ಬಿಟ್ಟು.'

ಒತ್ತು ತಪ್ಪಿತ್ತು.
ತಿದ್ದಲಿಲ್ಲ.