ಅರವತ್ತನಾಲ್ಕನೆಯ ದಿನ

ಕೋರಿನ್, ಈ ಕುರ್ಚಿಯ ಎಡಗಾಲು ಕುಂಟು.
ಅಡಿಗೆ ಕೊಟ್ಟ ಕಾಗದ ತೆಗೆಯಬೇಡ.
ಮೊದಲು ಅದು ಕಲಿ, ನಿಯಮ ಆಮೇಲೆ.

ನಿಯಮವೇನು, ಸುಲಭ.
ತರಗತಿ ಶುರುವಾಗಲು ಹತ್ತು ದಿನವಿರುವ ತನಕ
ಒಂದು ಡಾಲರೂ ಹೊಸ್ತಿಲು ದಾಟುವಂತಿಲ್ಲ.
ಮೊದಲ ಸಲ ಸಾಲ ಎತ್ತಿದ ಹೊಸಬರು ಇಲ್ಲಿ
ಮೂವತ್ತು ದಿನ ಕಾಯಬೇಕು,
ಅಷ್ಟರೊಳಗೆ ಕಣ್ಮರೆಯಾಗುತ್ತಾರೋ ಎಂದು ನೋಡಲಿಕ್ಕೆ.
ಶುಲ್ಕ ಮುರಿದುಕೊಂಡು ಮಿಕ್ಕಿದ್ದು
ಹದಿನಾಲ್ಕು ದಿನದೊಳಗೆ ಅವರ ಕೈಗೆ.
ಹದಿಮೂರನೆಯ ದಿನ ಬಂದು ನಿಲ್ಲುವವರ
ಮುಖ ನೋಡಬೇಡ, ಕೈ ನೋಡು:
ಬಾಡಿಗೆಯ ನೋಟೀಸನ್ನು
ಎಷ್ಟು ಸಣ್ಣಗೆ ಮಡಿಸಿಟ್ಟುಕೊಂಡಿರುತ್ತಾರೆ!

ಕಷ್ಟದ್ದು ಒಂದೇ.
ನಡುವೆ ಬಿಟ್ಟು ಹೋಗುವವನು ಎಷ್ಟು ದಿನ ಕೂತನೋ
ಅಷ್ಟೇ ಅವನ ಗಳಿಕೆ, ಉಳಿದದ್ದು ವಾಪಸು.
ನೂರೈದು ದಿನದ ಅವಧಿ
(ವಸಂತದ ರಜೆ ಒಂಬತ್ತು ದಿನ ಲೆಕ್ಕಕ್ಕಿಲ್ಲ),
ನೂರಕ್ಕೆ ಅರವತ್ತು ದಾಟಿದರೆ ಪೂರ್ತಿ ಅವನದೇ.
ಅರವತ್ಮೂರಕ್ಕೆ ಸಾಲದು. ಅರವತ್ನಾಲ್ಕಕ್ಕೆ ಸಾಕು.
ಇನ್ನೊಂದು ಮಾತು: ಬಿಡುತ್ತೇನೆ ಎಂದು
ಬಾಯಲ್ಲಿ ಹೇಳಿದರೂ ಆಯಿತು,
ಅರ್ಜಿ ಬೇಕಿಲ್ಲ, ಸಹಿ ಬೇಕಿಲ್ಲ,
ಹೇಳಿದ ದಿನವೇ ಕೊನೆಯ ದಿನ.
ಆಡಿದರೆ ಹೋಯಿತು.

ಮಾರ್ವೆಲಾ ಪ್ರೂಯಿಟ್, ವಯಸ್ಸು ನಲವತ್ತಮೂರು,
ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು,
ಉಸಿರಾಟದ ಚಿಕಿತ್ಸೆ ಕಲಿಯಲಿಕ್ಕೆ.
ಸೋಮವಾರ ಬೆಳಿಗ್ಗೆ, ಮೌಮೀ ನದಿಯ ಮೇಲಿನ
ಮಂಜು ಇನ್ನೂ ಕೋಟಿಗೆ ಅಂಟಿತ್ತು.
"ಸ್ಯಾಂಡಸ್ಕಿಯಲ್ಲಿ ನನ್ನ ತಮ್ಮ, ಡಯಾಲಿಸಿಸ್,
ಬೇರೆ ಯಾರೂ ಇಲ್ಲ, ಅದಕ್ಕೇ ನಾನು..."

ಗೋಡೆಯ ಕ್ಯಾಲೆಂಡರಿನಲ್ಲಿ ಅರವತ್ತೆರಡು.
ನಾನು ಕೈ ಎತ್ತಿದೆ,
ರಸ್ತೆ ದಾಟುವ ಮಕ್ಕಳಿಗೆ ಕಾರು ನಿಲ್ಲಿಸುವವಳ ಹಾಗೆ.
"ಅದನ್ನು ಈಗ ಹೇಳಬೇಡಿ.
ಬುಧವಾರದ ತರಗತಿಗೆ ಹೋಗಿ. ಹಾಜರಿ ಹಾಕಿಸಿ.
ಗುರುವಾರ ಬಂದು ಹೇಳಿ."
ಅವಳ ಬಾಯಿ ತೆರೆದೇ ಇತ್ತು,
ಮಾತು ಅಲ್ಲೇ, ಹಲ್ಲಿನ ಹಿಂದೆ,
ಬಿಸಿ ಗೆಣಸಿನ ಹಾಗೆ, ನುಂಗಲಾರದೆ ಉಗಿಯಲಾರದೆ.
ಅರ್ಥವಾಯಿತು. ತಲೆಯಾಡಿಸಿ ಹೋದಳು.

ಹಿಂದಿನ ವರ್ಷ ಒಬ್ಬ ಹುಡುಗ ಬಂದಿದ್ದ,
ನಾನು ಪೂರ್ತಿ ಹೇಳಗೊಟ್ಟೆ.
ಸಾವಿರದ ಒಂಬೈನೂರ ಹನ್ನೆರಡು ಡಾಲರು.
ಆ ಬಿಲ್ಲು ಮೂರು ವಿಳಾಸ ಸುತ್ತಿ
ನನ್ನ ಮೇಜಿಗೇ ತಿರುಗಿ ಬಂತು.

ಗುರುವಾರ ಮಾರ್ವೆಲಾ ಬಂದಳು, ಹೇಳಿದಳು.
ದಿನಾಂಕ ಬರೆದೆ. ಒಂದು ಸೆಂಟೂ ವಾಪಸಿಲ್ಲ.
ಕೋಟಿನ ಗುಂಡಿ ಹಾಕುತ್ತ ಅಂದಳು:
"ನಿನ್ನೆ ಅವನನ್ನು ಕ್ಲೀವ್‌ಲ್ಯಾಂಡಿಗೆ ಸಾಗಿಸಿದರಂತೆ,
ಆಂಬುಲೆನ್ಸಿನಲ್ಲಿ, ಒಬ್ಬನೇ ಇದ್ದನಂತೆ.
ನಾನು ಆಗ ತರಗತಿಯಲ್ಲಿ
ಶ್ವಾಸಕೋಶಕ್ಕೆ ಬಣ್ಣ ತುಂಬುತ್ತಿದ್ದೆ."
ದೂರುವ ದನಿಯಲ್ಲ. ಹಾಜರಿ ಕೂಗುವ ದನಿ.
ಥ್ಯಾಂಕ್ಸ್ ಹೇಳಲಿಲ್ಲ,
ಹೇಳಬೇಕಿತ್ತೆಂದು ನನಗೂ ಅನಿಸಲಿಲ್ಲ.

ಆ ಎರಡು ದಿನ ನಾನು ಕೊಟ್ಟೆನೋ ಕಿತ್ತುಕೊಂಡೆನೋ
ಯಾವ ಕಾಲಮ್ಮಿನಲ್ಲಿ ಬರೆಯುವುದೋ
ಕೈಪಿಡಿಯಲ್ಲಿಲ್ಲ, ಹುಡುಕಿ ನೋಡಿದ್ದೇನೆ.

ಒಂಬತ್ತಾಯಿತು, ಕೋರಿನ್.
ಶಟರು ಬಲಗಡೆ ಸಿಕ್ಕಿಕೊಳ್ಳುತ್ತದೆ,
ಮೊಣಕೈಯಿಂದ ಒಂದು ಗುದ್ದು ಕೊಡು.
ಹೊರಗೆ ಯಾರೋ ಕೆಮ್ಮುತ್ತಿದ್ದಾರೆ.
ಮೊದಲು ಕ್ಯಾಲೆಂಡರು ನೋಡಿಕೊ.