ಲಗ್ನಪತ್ರಿಕೆಯ ಮೂರು ಪ್ರತಿ

ಶಿವಾಜಿನಗರ ಕೋರ್ಟಿನ ಗೋಡೆಗೆ ಬೆನ್ನು ಕೊಟ್ಟು
ನೀಲಿ ತಾಡಪಾಲಿನ ಕೆಳಗೆ ಕೂತ ಥೋಪಟೆ ಮಾಮಾ
ನನ್ನ ಮದುವೆಯನ್ನು ತಲೆಕೆಳಗು ಹಿಡಿದು
ಎರಡು ಸಲ ಓದಲು ನೋಡಿದರು.
“ಬಾಯಿ, ಇದು ಕಾನಡಿ. ಸಾಹೇಬರಿಗೆ ತಿಳಿಯೋದಿಲ್ಲ.
ಮರಾಠಿ ಮಾಡಿ ಕೊಡಿ. ಮೂರು ಪ್ರತಿ.”

ವಕೀಲಬಾಯಿ ಚೀಟಿ ಬರೆದುಕೊಟ್ಟಿದ್ದರು:
ಫೋಟೊ ನಾಲ್ಕು, ಆಧಾರ್, ರೇಷನ್ ಕಾರ್ಡು,
ಲಗ್ನ ಆದದ್ದಕ್ಕೆ ಸಾಕ್ಷಿ.
ಸಾಕ್ಷಿಯೆಂದರೆ ಇದೊಂದೇ. ಹದಿನಾರು ವರ್ಷ
ಟ್ರಂಕಿನ ತಳದಲ್ಲಿದ್ದ, ಮೂಲೆಗೆ ಅರಿಸಿನ ಹಚ್ಚಿದ ಕಾರ್ಡು.
ಝೆರಾಕ್ಸಿನಲ್ಲಿ ಅರಿಸಿನ
ಕಪ್ಪಾಗಿ ಬಂತು.

ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲು ಹೇಳತೊಡಗಿದೆ.
ಬ್ಲೌಜಿನ ಅಳತೆ ಬರೆದೂ ಬರೆದೂ ಕಲಿತ ಮರಾಠಿ ನನ್ನದು:
ಎದೆ, ಸೊಂಟ, ತೋಳು, ಯಾವತ್ತಿಗೆ ಬೇಕು.
ಅದರಲ್ಲಿ ‘ಆಗಮನಾಭಿಲಾಷಿಗಳು’ ಎಲ್ಲಿಂದ ತರಲಿ?
‘ಚಿ. ಕುಂ. ಸೌ.’ ಇದೇನು ಅಂದರು ಮಾಮಾ.
ಚಿರಂಜೀವಿ, ಕುಂಕುಮ, ಸೌಭಾಗ್ಯ ಎಂದು
ಬೆರಳು ಮಡಚಿ ಹೇಳಿದೆ.
“ಅಷ್ಟೆಲ್ಲ ಬೇಡ, ಹೆಸರು ಸಾಕು.”

ಹೆಸರಿಗೂ ತಕರಾರು.
ಕಾರ್ಡಿನಲ್ಲಿ ನೀಲವ್ವ ಬಸಲಿಂಗಪ್ಪ ತೇಲಸಂಗ,
ಆಧಾರಿನಲ್ಲಿ ನೀಲಾಂಬಿಕಾ ಗುರುಪಾದ ಬಿಳ್ಳೂರ.
ಈ ಇಬ್ಬರೂ ಒಬ್ಬಳೇ ಎಂದು
ಬೇರೆಯೇ ಒಂದು ಪ್ರಮಾಣಪತ್ರ ಆಗಬೇಕು.
ನೋಟರಿ ತಲೆ ಎತ್ತದೆ ಕೇಳಿದ: ಎರಡೂ ನೀವೇನಾ?
ಹೌದ್ರೀ, ಅಂದೆ.
ಸಹಿಯ ಜಾಗಕ್ಕೆ ಬಂದು
ಯಾರದು ಮಾಡಲಿ ಎಂದು ಪೆನ್ನು ಒಂದು ಗಳಿಗೆ ನಿಂತಿತು.

ಕಲಮು ಏಳು: ಎದುರುದಾರ ಅರ್ಜಿದಾರಳನ್ನು ಬಿಟ್ಟುಹೋದ ದಿನಾಂಕ.
ಒಂದೇ ದಿನ ಹೋದವನಲ್ಲ ಅವನು.
ಮೊದಲು ದಾಡಿಯ ಸಾಮಾನು ಹೋಯಿತು,
ಆಮೇಲೆ ಇಸ್ತ್ರಿಪೆಟ್ಟಿಗೆ, “ಚಾಕಣದಲ್ಲಿ ರಾತ್ರಿಪಾಳಿ” ಅಂತ.
ಚಳಿಗಾಲದ ಕಂಬಳಿ ಬೇಸಿಗೆಯಲ್ಲಿ ಹೋಯಿತು.
ಅದನ್ನು ನಾನೇ ಮಡಚಿ ಕೊಟ್ಟೆ.
ಹೀಗೆ ಬರೆಯಲಿಕ್ಕೆ ಬರೋದಿಲ್ಲ, ಒಂದು ತಾರೀಖು ಹೇಳಿ, ಅಂದರು ಮಾಮಾ.
ಗ್ಯಾಸಿನ ಪುಸ್ತಕ ತೆಗೆದೆ.
ಐದು ವಾರಕ್ಕೆ ಮುಗಿಯುತ್ತಿದ್ದ ಸಿಲಿಂಡರು
ಒಮ್ಮೆ ಒಂಬತ್ತು ವಾರ ಬಂದಿತ್ತು.
ಆ ವಾರಗಳ ನಡುವೆ ಎಲ್ಲೋ.
ಮಾಮಾ ಒಂದು ತಾರೀಖು ಹೊಡೆದು
ಮುಂದೆ ‘ಸುಮಾರಿಗೆ’ ಎಂದು ಸೇರಿಸಿದರು.

ಮತ್ತೆ ಕಾರ್ಡಿಗೆ ಬಂದೆವು. ‘ಆಶೀರ್ವಾದವೇ ಉಡುಗೊರೆ.’
ಬೇಡ ಬಿಡಿ ಅಂದೆ. ಐದು ಗಡಿಯಾರ ಬಂದಿದ್ದವು ಅವತ್ತು.
ತಳದಲ್ಲಿ, ಎರಡು ಗಿಣಿಗಳ ನಡುವೆ,
‘ನಮ್ಮ ಚಿಗವ್ವನ ಮದಿವಿಗೆ ತಪ್ಪದ ಬರ್ರಿ – ಸಂಗಮೇಶ, ಪಿಂಕಿ.’
ಹೇಳಿ ಮುಗಿಸುವ ಮೊದಲೇ ಮಾಮಾ ನಕ್ಕರು.
“ಆಮಚ್ಯಾ ಮಾವಶೀಚ್ಯಾ ಲಗ್ನಾಲಾ ಯಾಯಚಂ ಹಂ!
ನಮ್ಮಲ್ಲೂ ಹಿಂಗೇ ಬಾಯಿ, ತಂತೋತಂತ.”
ಬೇಡ ಅನ್ನುವುದರೊಳಗೆ ಬೆರಳು ಓಡಿಬಿಟ್ಟಿತ್ತು.
ಸಂಗಮೇಶ ಈಗ ಮಿರಜಿನಲ್ಲಿ ಟೆಂಪೊ ಓಡಿಸುತ್ತಾನೆ.
ಅರ್ಜಿಯ ಕೊನೆಯ ಹಾಳೆಯಲ್ಲಿ
ಅವನಿಗೆ ಇನ್ನೂ ಐದೇ ವರ್ಷ,
ನ್ಯಾಯಾಧೀಶರನ್ನು ಕರೆಯುತ್ತಿದ್ದಾನೆ.

ಒಂದು ಪ್ರತಿ ಕೋರ್ಟಿಗೆ. ಒಂದು ವಕೀಲಬಾಯಿಗೆ.
ಒಂದು ಅವನಿಗೆ, ರಿಜಿಸ್ಟರ್ ಟಪಾಲಿನಲ್ಲಿ.
ಬೆರಳಿಟ್ಟು ಓದುತ್ತಾನೆ ಅವನು, ತುಟಿ ಆಡಿಸುತ್ತ.
“ಮೂಲ ಜೋಪಾನ,” ಅಂದರು ಮಾಮಾ,
“ಕೇಸು ಮುಗಿಯೋ ತನಕ ಬೇಕಾಗ್ತದೆ.”

ಅಸ್ತರಿನ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.
ಅದೇ ಚೀಲದಲ್ಲಿ ಗೋಖಲೇನಗರದ ಹುಡುಗಿಯ ಹಳದಿ ಬ್ಲೌಜು.
ನಾಳೆ ಅವಳ ಅರಿಸಿನ.
ಹುಕ್ಕು ಇನ್ನೂ ಹಚ್ಚಿಲ್ಲ.