ಮೂರು ಸಾವಿರ ಮೀಟರಿನ ಮೇಲೆ

ಡಬ್ಬಿಯ ತಳದಲ್ಲಿ ಇರುವೆಗಾಲಿನ ಅಕ್ಷರ:
ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿನ ಮೇಲೆ
ಬಳಸತಕ್ಕದ್ದಲ್ಲ.
ಎಲ್ ಆಲ್ಟೊ ಊರಿರುವುದೇ ನಾಲ್ಕು ಸಾವಿರದ ಮೇಲೆ.
ಡೆಲ್ಫಿನ್ ಚೋಕೆವಾಂಕಾ ಅದನ್ನು ಓದಿದ್ದು
ಒಂಬತ್ತು ವರ್ಷ ಬಳಸಿ ಆದಮೇಲೆ.

ಮದುವೆ, ಮಕ್ಕಳ ಜವಳ, ಮೊರೆನಾದಾ ಕುಣಿತ,
ಹೊಸ ಮನೆಯ ತಾರಸಿಗೆ ಬಿಯರ್ ಚಿಮುಕಿಸುವ ಶಾಸ್ತ್ರ,
ಒಂದೊಂದಕ್ಕೂ ಮುನ್ನೂರು ಜೀಬಿ, ನಾನೂರು ಜೀಬಿ.
ಕಂಪ್ಯೂಟರಿನ ಹೊಟ್ಟೆ ಎಷ್ಟೆಂದು ಹಿಡಿದೀತು?
ಹಲಗೆಯ ಮೇಲೆ ಇಪ್ಪತ್ತಮೂರು ಡ್ರೈವು,
ಕಪ್ಪು ಬೆಲ್ಲದಚ್ಚಿನ ಹಾಗೆ,
ಬೆನ್ನಿಗೆ ಅಂಟಿಸಿದ ಪಟ್ಟಿಯಲ್ಲಿ ಹೆಂಡತಿಯ ಕೈಬರಹ.
ಕತ್ತರಿಸುವ ಕೆಲಸಕ್ಕೆ ಹೊಸದೊಂದಿದೆ, ಅದು ತಿರುಗುವುದಿಲ್ಲ,
ಅದಕ್ಕೆ ಉಸಿರಿನ ಹಂಗಿಲ್ಲ,
ಬೆಲೆ ಮಾತ್ರ ಉಸಿರು ಕಟ್ಟಿಸುತ್ತದೆ.
ಕತ್ತರಿಸಿ ಮುಗಿದದ್ದೆಲ್ಲ ಹಳೆಯ ತಿರುಗಣೆಗಳಿಗೆ.
ಎರಡು ಕಡೆ ಇಡು ಎಂದು ತಮ್ಮ ಹೇಳುತ್ತಲೇ ಇದ್ದ.
ಎರಡನೆಯದಕ್ಕೆ ದುಡ್ಡು ಕೊಡು ಎಂದು ಇವನೂ.

ಒಳಗೆ ಏನಿದೆ ಗೊತ್ತೆ?
ಕನ್ನಡಿಯಂಥ ತಟ್ಟೆ, ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು.
ಅದರ ಮೇಲೆ ಮುಟ್ಟಿಯೂ ಮುಟ್ಟದ ಒಂದು ಮುಳ್ಳು.
ಮುಳ್ಳನ್ನು ಎತ್ತಿ ಹಿಡಿದಿರುವುದು ಗಾಳಿ, ಬರಿ ಗಾಳಿ,
ಕೂದಲೆಳೆಗಿಂತ ತೆಳುವಾದ ಪದರ.
ಊರಲ್ಲೇ ಗಾಳಿ ಕಡಿಮೆಯಾದರೆ
ಮುಳ್ಳು ಇಳಿಯುತ್ತದೆ. ಗೀರುತ್ತದೆ.
ಫುಟ್‌ಬಾಲ್ ಆಡಲು ಬಂದ ಹೊರಗಿನವರು
ಹುಲ್ಲಿನ ಮೇಲೆ ಕುಸಿದು ಏದುವುದನ್ನು ಕಂಡು ನಕ್ಕವನಿಗೆ
ತನ್ನ ಹಲಗೆಯ ಮೇಲೂ ಇಪ್ಪತ್ತಮೂರು ಮಂದಿ ಹೊರಗಿನವರು
ಏದುತ್ತಿರುವುದು ತಿಳಿಯಲಿಲ್ಲ.

ದೋನ್ಯಾ ನೆಮೆಸಿಯಾ ಬಂದದ್ದು ಗುರುವಾರ, ಸಂತೆಯ ದಿನ.
ದುಂಡು ಟೋಪಿ ತೆಗೆಯದೆ ಕೂತಳು.
ಗಂಡ ಹೋಗಿ ಎರಡು ವರ್ಷ. ಅವನು ಗಿರಗಟ್ಟೆ ತಿರುಗಿಸುತ್ತ ಕುಣಿದದ್ದು ಬೇಕು,
ಆ ವರ್ಷದ್ದು, ಆಲಿಕಲ್ಲು ಬಿದ್ದ ವರ್ಷದ್ದು.
ಹದಿನಾಲ್ಕನೆಯ ಡ್ರೈವು. ಕೇಬಲ್ ಚುಚ್ಚಿದ.
ಟಿಕ್. ಟಿಕ್. ಟಿಕ್.
ಹಲ್ಲಿ ಲೊಚಗುಟ್ಟಿದ ಹಾಗೆ.
ಹಲ್ಲಿಯದಾದರೆ ಶಕುನ, ಇದು ತೀರ್ಪು.

ಐಮಾರಾ ಮಾತಿನಲ್ಲಿ ಕಳೆದದ್ದು ಕಣ್ಣ ಮುಂದಿದೆ,
ಬರುವುದು ಬೆನ್ನ ಹಿಂದೆ, ಕಾಣುವುದಿಲ್ಲವಲ್ಲ.
ನಾವು ಹಿಂದಿನದನ್ನು ಹಿಂದೆಯೇ ಬಿಟ್ಟು ಬಂದವರು
ಎಂದು ಬರೆಯಹೊರಟರೆ ಅಡ್ಡ ಬಂತು ನಮ್ಮದೇ 'ಮುನ್ನ'.
ಯಾರು ಯಾವಾಗ ತಿರುಗಿ ನಿಂತರೋ.

ಅವಳು ಡ್ರೈವನ್ನು ಮುಂದಿಟ್ಟುಕೊಂಡು ಅಲುಗಲಿಲ್ಲ.
"ಗಾಳಿ ಬಡಿದದ್ದಲ್ಲ ಇದು, ಗಾಳಿ ಇಲ್ಲದ್ದು ಬಡಿದಿದೆ.
ಕೆಳಗಿಳಿಸಿ ನೋಡು."

ಇಳಿಯುವ ಮುನ್ನ ಇನ್ನೂ ಏರಬೇಕು, ಹಿಮದ ಕಣಿವೆಬಾಯಿಗೆ.
ಶಾಲಿನಲ್ಲಿ ಸುತ್ತಿದ ಡ್ರೈವು ಅವಳ ಮಡಿಲಲ್ಲಿ,
ಮಿನಿಬಸ್ಸಿನ ಕಂಡಕ್ಟರ್ ಕೂಸಿನ ಟಿಕೆಟ್ ಕೇಳಿಬಿಟ್ಟ.
ಕೊರೊಯ್ಕೊದ ಲಾಡ್ಜು. ಕಿತ್ತಳೆ, ಬಾಳೆ,
ಒದ್ದೆ ಬಟ್ಟೆಯಷ್ಟು ದಪ್ಪ ಗಾಳಿ.
ಟಿಕ್. ಆಮೇಲೆ ಗುಂಯ್ ಎಂದಿತು.
ತೆರೆಯ ಮೇಲೆ ಪಟ್ಟಿ ತೆವಳಿತು:
ಏಳು ಗಂಟೆ ಉಳಿದಿದೆ. ಎರಡು ದಿನ ಉಳಿದಿದೆ.
ನಲವತ್ತು ನಿಮಿಷ. ಮತ್ತೆ ಏಳು ಗಂಟೆ.
ಇಂಥ ಸುಳ್ಳುಬುರುಕನನ್ನು ಅವಳು ಸಂತೆಯಲ್ಲೂ ಕಂಡಿರಲಿಲ್ಲ.
ಟೋಪಿ ತೆಗೆದು ಬೀಸತೊಡಗಿದಳು ಡ್ರೈವಿಗೆ,
ನಡುರಾತ್ರಿಯವರೆಗೆ, ಕೈ ಬದಲಿಸುತ್ತ.
ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.
ನೂರಕ್ಕೆ ಅರವತ್ತೊಂದರಲ್ಲಿ ಅದು ನಿಂತಿತು.

ಕುಣಿತ ಬರಲಿಲ್ಲ.
ಬಂದದ್ದು ಕ್ಯಾಮೆರಾ ಆರಿಸಲು ಮರೆತು ನೆಲಕ್ಕಿಟ್ಟ ಹನ್ನೊಂದು ನಿಮಿಷ:
ಆಲಿಕಲ್ಲು ಕರಗಿದ ನೀರು, ಎರಡು ಬಿಳಿ ಬೂಟು,
ಬಾಗಿ ಲಾಡಿ ಬಿಗಿಯುವ ಕೈ,
"ಓಡ್ತಾ ಇದೆಯಾ ಇದು?" ಎನ್ನುವ ದನಿ.
ಅವಳು ಎರಡು ಸಲ ನೋಡಿದಳು.
ಮೂರನೆಯ ಸಲ ಅವನೇ ಕೇಳದೆ ಹಾಕಿದ.

"ಎಷ್ಟು ಕೊಡಲಿ?"
"ಮುಖವೇ ಇಲ್ಲ ದೋನ್ಯಾ, ಏನು ಕೇಳಲಿ."
"ಬಂದದ್ದು ಕಾಲು. ಕಾಲು ದುಡ್ಡು."
ಎಣಿಸಿ ಇಟ್ಟಳು, ಚಿಲ್ಲರೆಯನ್ನೂ.

ಈ ಸಲ ಎರಡು ಕಡೆ ಇಟ್ಟ:
ಒಂದು ಅವನ ಕಿಸೆಯ ಉಸಿರಾಡದ ಡ್ರೈವಿನಲ್ಲಿ,
ಒಂದು ಪೆನ್‌ಡ್ರೈವಿನಲ್ಲಿ. ಅದನ್ನವಳು
ಟೋಪಿಯೊಳಗೆ ಸಿಕ್ಕಿಸಿ, ಟೋಪಿ ತಲೆಗಿಟ್ಟು,
ಬಸ್ಸಿಗೆ ಜಾಗ ಹಿಡಿಯಲು ಓಡಿದಳು.